ಕೋಳಿ ಕೂತ ಡಬ್ಬಿ

ಕೆಲಸ ಬಿಟ್ಟ ಗಂಡ ದಿನವಿಡೀ ಮನೆಯಲ್ಲಿ ಕುಳಿತರೆ ಹೆಂಡತಿಯ ಪಾಡು ಏನಾಗುತ್ತದೆ ಎಂಬುದನ್ನು ಬಳ್ಳಾರಿ ಬ್ರೂಸ್‌ಪೇಟೆಯ ಸುವರ್ಣಮ್ಮನನ್ನೇ ಕೇಳಬೇಕು. ಮೂವತ್ತೆರಡು ವರ್ಷ ಹತ್ತಿ ಮಂಡಿಯಲ್ಲಿ ಗುಮಾಸ್ತಿಕೆ ಮಾಡಿದ ಅವಳ ಗಂಡ ತಿಪ್ಪೇರುದ್ರಪ್ಪ ಎಂಬತ್ತನೇ ಇಸವಿಯ ದೀಪಾವಳಿಗೆ ಮಂಡಿಯಿಂದ ಇಳಿದ. ಇಳಿದವನು ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕುಳಿತ. ಏಳುವುದು ಸ್ನಾನಕ್ಕೆ, ಊಟಕ್ಕೆ ಮಾತ್ರ. ಸೋಮವಾರಕ್ಕೊಮ್ಮೆ ಮಠದ ಭಜನೆಯಲ್ಲಿ ಏಕತಾರಿ ಮೀಟುತ್ತಿದ್ದ. ಅದಕ್ಕೂ ಹೋಗುವುದನ್ನು ಬಿಟ್ಟ. ಕೇಳಿದರೆ ಮಾತಿಲ್ಲ, ಬೈದರೆ ಸಿಟ್ಟಿಲ್ಲ.

"ಏನಾರ ಅನ್ನಲವ್ವಾ ಒಂದು ಮಾತು," ಎಂದು ಸುವರ್ಣಮ್ಮ ಸೊಸೆ ವೀರಭದ್ರಮ್ಮನ ಮುಂದೆ ಕಣ್ಣೊರೆಸಿಕೊಂಡಳು. "ಜಗಳಾನ ಮಾಡಲಿ. ಮನ್ಯಾಗ ಮನಷ್ಯಾ ಅದಾನ ಅಂತನಾರ ಗೊತ್ತಾಗತೈತಿ."

"ಸುಮ್ನಿರ್ರಿ ಅತ್ತಿ, ಸರಿ ಹೋಗ್ತಾರ," ಎಂದಳು ವೀರಭದ್ರಮ್ಮ. ಆದರೆ ನಾಲ್ಕು ತಿಂಗಳು ಕಳೆದರೂ ಸರಿ ಹೋಗಲಿಲ್ಲ.

ಸರಿ ಹೋದದ್ದು ಯಾರೂ ನೆನೆಸದ ಕಡೆಯಿಂದ. ಮಗ ಗವಿಸಿದ್ದಪ್ಪ ಮನೆಯ ಮುಂದಿನ ಕೋಣೆಯಲ್ಲೇ ಮೈಕ್ ಸೆಟ್ ಅಂಗಡಿ ಇಟ್ಟಿದ್ದ. ಮದುವೆ, ಮುಂಜಿ, ಚುನಾವಣೆ, ಯಾವುದಕ್ಕಾದರೂ ಅವನ ಹಾರ್ನುಗಳೇ ಬೇಕು. ಊರಿನ ಆರ್ಕೆಸ್ಟ್ರಾದ ಯಜಮಾನ ಉಚ್ಚೆಂಗೆಪ್ಪನೂ ಅವನ ಗಿರಾಕಿ. ಆ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ ಹುಡುಗ ಗುಂತಕಲ್ಲಿನಲ್ಲಿ ರೈಲ್ವೆ ಕೆಲಸ ಸಿಕ್ಕಿತೆಂದು ತನ್ನ ಆಂಪ್ಲಿಫೈಯರ್ ಹೊತ್ತುಕೊಂಡು ಹೊರಟುಹೋದ. ಗಿಟಾರ್ ಮಾತ್ರ ಆರ್ಕೆಸ್ಟ್ರಾದ್ದು. ಉಚ್ಚೆಂಗೆಪ್ಪ ಅದನ್ನು ತಂದು, "ಬ್ಯಾರೆ ಹುಡುಗ ಸಿಗೋ ಮಟ ಇಲ್ಲೇ ಇರಲಿ," ಎಂದು ಹಾರ್ನುಗಳ ನಡುವೆ ಒರಗಿಸಿ ಹೋದ.

ಒಂದು ಮಧ್ಯಾಹ್ನ ಸುವರ್ಣಮ್ಮ ಒಳಗೆ ರೊಟ್ಟಿ ಬಡಿಯುತ್ತಿದ್ದಾಗ ಅಂಗಡಿಯಿಂದ ಸಣ್ಣಗೆ ಒಂದು ಸದ್ದು ಬಂತು. ಹೋಗಿ ನೋಡಿದರೆ, ಗಂಡ ಕಂಬ ಬಿಟ್ಟು ಎದ್ದಿದ್ದಾನೆ! ಆ ದೊಡ್ಡ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಮೀಟಿ, ಮರಕ್ಕೆ ಕಿವಿ ಹಚ್ಚಿ ಕೇಳುತ್ತಿದ್ದಾನೆ.

"ಇದಕ್ಕ ನಾಕು ತಂತಿ ಅದಾವು ನೋಡು," ಎಂದ. ನಾಲ್ಕು ತಿಂಗಳಲ್ಲಿ ತಾನಾಗಿ ಆಡಿದ ಮೊದಲ ಮಾತು. "ನಮ್ಮ ಏಕತಾರಿಯಂಥವು ನಾಕು."

ಸುವರ್ಣಮ್ಮನ ರೊಟ್ಟಿ ಹಂಚಿನ ಮೇಲೆ ಸೀದು ಕರಕಲಾಯಿತು. ಸೀದರೆ ಸೀಯಲಿ ಎಂದುಕೊಂಡಳು.

ಮುಂದಿನ ಮೂರು ವಾರ ತಿಪ್ಪೇರುದ್ರಪ್ಪ ಆ ಗಿಟಾರನ್ನು ಬಿಡಲಿಲ್ಲ. ರೇಡಿಯೋದಲ್ಲಿ ಹಾಡು ಬಂದರೆ ಅದರ ಕೆಳಗಿನ ಸ್ವರ ಹುಡುಕಿ ಹುಡುಕಿ ಹಿಡಿಯುವನು. ಉಚ್ಚೆಂಗೆಪ್ಪ ಒಂದು ದಿನ ಮೈಕಿಗೆಂದು ಬಂದವನು ಬಾಗಿಲಲ್ಲೇ ನಿಂತು ಕೇಳಿದ. ಆರ್ಕೆಸ್ಟ್ರಾ ನಡೆಸುವವನ ಕಿವಿ, ಸುಳ್ಳು ಹೇಳುವುದಿಲ್ಲ.

"ಗುಮಾಸ್ತ್ರ, ತಾಳ ಒಂಚೂರೂ ಅಲಗಾಡಂಗಿಲ್ಲ ನಿಮ್ಮದು," ಎಂದ. "ಆ ಹುಡುಗ ಕುಣಿತಿದ್ದ, ನೀವು ಕುಂತೀರಿ, ಅಷ್ಟ ಫರಕು. ವೈಶಾಖದಾಗ ಸಿರುಗುಪ್ಪದ ರೈಸ್ ಮಿಲ್ ಕಾಡಸಿದ್ದಪ್ಪನೋರ ಮಗಳ ಮದುವಿ ಐತಿ. ಅಲ್ಲಿ ಒಮ್ಮೆ ನುಡಸ್ರಿ. ಚಲೋ ಆತು ಅಂದ್ರ ಗಿಟಾರ್ ನಿಮ್ಮ ಹತ್ರನ ಇರತೈತಿ, ನೀವೂ ನಮ್ಮ ಜೋಡಿ ಇರ್ತೀರಿ. ಆಗಲಿಲ್ಲಂದ್ರ ಆದೋನಿಯಾಗ ಒಬ್ಬ ಹುಡುಗ ಕಾಯಾಕತ್ತಾನ, ಅವನಿಗೆ ಕೊಡತೀನಿ. ಆಂಪ್ಲಿಫೈಯರ್ ಮಾತ್ರ ನೀವ ನೋಡಿಕೊಬೇಕು."

ತಿಪ್ಪೇರುದ್ರಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಆದರೆ ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿಂದ. ಸುವರ್ಣಮ್ಮನಿಗೆ ಅದೇ ಉತ್ತರ.

ಮಗನಿಗೆ ಮಾತ್ರ ಇದು ಹಿಡಿಸಲಿಲ್ಲ. "ಐವತ್ತೆಂಟು ವರ್ಷಕ್ಕ ಆರ್ಕೆಸ್ಟ್ರಾ? ಮಂದಿ ಏನಂತಾರ ಅವ್ವಾ?"

"ಕಂಬ ಕಾಯ್ಕೋತ ಕುಂತಾಗ ಮಂದಿ ಏನಂದ್ರು? ಯಾವನಾರ ಬಂದು ಮಾತಾಡಿಸಿದ್ನಾ?"

"ಆತು ಬಿಡು," ಎಂದ ಗವಿಸಿದ್ದಪ್ಪ, ತಟ್ಟೆಯಲ್ಲಿ ಪುಂಡಿಪಲ್ಯ ಕಲಸುತ್ತಾ. "ಆದ್ರ ಬ್ಯಾರೆ ಆಂಪ್ಲಿಫೈಯರ್ ಯಾಕ? ಮನಿ ತುಂಬ ಹಾರ್ನ್ ಅದಾವು. ನಮ್ಮ ಹಾರ್ನಿಗೆ ಕೊಟ್ರ ಸಂಗನಕಲ್ಲು ಗುಡ್ಡದ ಮಟ ಕೇಳತೈತಿ. ಮೈಕ್ ಸೆಟ್ಟಿನವನ ಮನಿಗೆ ಹೊರಗಿಂದ ಮಷೀನು ತಂದ್ರ ನನ್ನ ಮುಖಕ್ಕ ಮಸಿ ಬಳದಂಗ."

ಇದು ಮೈಕ್ ಸೆಟ್ಟಿನವರ ಲೆಕ್ಕ. ಅವರಿಗೆ ಸದ್ದು ಎಂದರೆ ಎಷ್ಟು ದೂರ ಕೇಳಿತು ಎಂಬುದೇ. ಹಾರ್ನ್ ಕಟ್ಟಿದ ಮೇಲೆ ಒಬ್ಬ ಬಿಳಿ ಟವಲ್ ಹಿಡಿದು ನಡೆಯುತ್ತಾ ಹೋಗಬೇಕು. ಕೇಳಿದರೆ ಟವಲ್ ಮೇಲೆತ್ತುವುದು, ಕೇಳದಿದ್ದರೆ ಅಡ್ಡ ಬೀಸುವುದು. ಗವಿಸಿದ್ದಪ್ಪ ಹನ್ನೆರಡು ವರ್ಷದಿಂದ ಆ ಟವಲ್ ಬಿಟ್ಟವನಲ್ಲ.

ಹೊಸ ವಾದ್ಯದ ಪರೀಕ್ಷೆ ಕುರುಗೋಡಿನಲ್ಲಿ ನಡೆಯಿತು. ವೀರಭದ್ರಮ್ಮನ ತವರು ಅದು. ಅವಳ ತಂಗಿಯ ಕೂಸಿಗೆ ತೊಟ್ಟಿಲು ಕಾರ್ಯ. ಹೆಣ್ಣುಮಕ್ಕಳು ಜೋಗುಳ ಹಾಡುವಾಗ ಮಾವ ಜೊತೆಗೆ ನುಡಿಸಲಿ ಎಂದು ವೀರಭದ್ರಮ್ಮನೇ ಹೇಳಿದ್ದಳು. ಬೇವಿನ ಮರಕ್ಕೆ ಎರಡು ಹಾರ್ನ್ ಕಟ್ಟಿದರು. ಗವಿಸಿದ್ದಪ್ಪ ಟವಲ್ ಹಿಡಿದು ಕುರುಗೋಡು ಗುಡ್ಡದ ಕಡೆ ಹೊರಟ.

ತಿಪ್ಪೇರುದ್ರಪ್ಪ ದಪ್ಪ ತಂತಿ ಮೀಟಿದ. ಹಾರ್ನಿನಿಂದ "ಟಪ್" ಎಂದಿತು. ಇನ್ನೊಂದು ಮೀಟಿದ. "ಟಪ್, ಟೊರ್ರ್." ಕೂಸು ಬೆಚ್ಚಿ ಅಳತೊಡಗಿತು. ದೂರದಲ್ಲಿ ಟವಲ್ ಅಡ್ಡ ಬೀಸಿತು. ಅಂಗಡಿಯ ಆಳು ಸದ್ದು ಏರಿಸಿದ. ಟವಲ್ ಮತ್ತೂ ಅಡ್ಡ ಬೀಸಿತು. ಅವನು ಪೂರ್ತಿ ಏರಿಸಿದ. ಚರ್ ಎಂದದ್ದೇ, ಒಂದಾದ ಮೇಲೊಂದು ಎರಡು ಹಾರ್ನೂ ಬಾಯಿ ಮುಚ್ಚಿದವು. ಹಾರ್ನಿನ ಹಿಂದೆ ಸದ್ದು ಹುಟ್ಟಿಸುವ ಯೂನಿಟ್ಟುಗಳು ಸುಟ್ಟು ವಾಸನೆ ಬಂತು.

"ಬೀಗರ, ಕಪ್ಪಿ ಸಾಕೀರೇನು ಇದರಾಗ?" ಎಂದು ವೀರಭದ್ರಮ್ಮನ ತಂದೆ ಕೊಟ್ಟೂರಪ್ಪ ಕೇಳಿದ. ಊಟಕ್ಕೆ ಕುಳಿತಿದ್ದ ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಸುವರ್ಣಮ್ಮ ಎಲೆಯ ಮೇಲಿನ ಹೋಳಿಗೆಯನ್ನು ಹಾಗೇ ಬಿಟ್ಟು ಎದ್ದಳು. ಗಂಡ ಗಿಟಾರನ್ನು ಚೀಲಕ್ಕೆ ಹಾಕಿ, ಚೀಲದ ದಾರ ಬಿಗಿದು ಕಟ್ಟುತ್ತಿದ್ದ.

ಮನೆಗೆ ಬಂದ ಮೇಲೆ ಮಗ ಬಾಯಿಗೆ ಬಂದಂತೆ ಆಡಿದ. "ಸೀಜನ್ನಿನಾಗ ಎರಡು ಯೂನಿಟ್ ಹೋದ್ವು! ಬರೋ ವಾರ ಬೆಣಕಲ್ಲಿಗೆ ಏನ್ ಕಟ್ಟಲಿ, ಮರಕ್ಕ ನಾನ ಹತ್ತಿ ಕೂಗಲೇನು? ಸಾಕಪ್ಪಾ. ಗಿಟಾರ್ ವಾಪಸ್ ಕೊಟ್ಟು ಬಾ."

"ಕೊಡ್ತೀನಿ," ಎಂದ ತಿಪ್ಪೇರುದ್ರಪ್ಪ. ಎದ್ದು ಕೈ ತೊಳೆದು ಕಂಬಕ್ಕೆ ಒರಗಿ ಕುಳಿತ.

ಸುವರ್ಣಮ್ಮ ಆ ರಾತ್ರಿ ಕಣ್ಣು ಮುಚ್ಚಲಿಲ್ಲ. ಕುರುಗೋಡಿನವರು ನಕ್ಕರೆ ನಗಲಿ, ಹಲ್ಲು ಅವರವು. ಆದರೆ ಆ ಕಂಬದ ಹತ್ತಿರ ಗಂಡ ಮತ್ತೆ ಹೋದರೆ ಈ ಸಲ ಎದ್ದು ಬರುವುದಿಲ್ಲ ಎಂದು ಅವಳಿಗೆ ಖಾತ್ರಿಯಿತ್ತು. ಬೆಳಿಗ್ಗೆ ಸುಟ್ಟ ಯೂನಿಟ್ಟುಗಳನ್ನು ಕೈಚೀಲಕ್ಕೆ ಹಾಕಿಕೊಂಡು, ಸೆರಗು ಬಿಗಿದು, ಕೌಲ್ ಬಜಾರಿಗೆ ನಡೆದಳು.

ಕೌಲ್ ಬಜಾರಿನ ಮಸೀದಿ ಪಕ್ಕದ ಓಣಿಯಲ್ಲಿ ಸುಂಕಣ್ಣನ ರೇಡಿಯೋ ರಿಪೇರಿ ಅಂಗಡಿ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟೇ ಜಾಗ. ಯೂನಿಟ್ ನೋಡಿ ಅವನು ಹಣೆ ಹೊಡೆದುಕೊಂಡ.

"ಬೇಸ್ ಗಿಟಾರನ್ನ ಹಾರ್ನಿಗೆ ಕೊಟ್ರೇನಕ್ಕಾ? ಅಯ್ಯೋ ನಿಮ್ಮ! ಹಾರ್ನಿನ ಬಾಯಾಗ ಇರೋದು ಉಗುರಿನಷ್ಟು ತೆಳು ಪರದಿ. ಅದು ಕೂಗಾಕ ಮಾಡಿದ್ದು. ಹಾಡೋರ ದನಿ ದೂರ ಒಯ್ಯತೈತಿ. ಕೆಳಗಿನ ಸ್ವರ ಕೊಟ್ರ ಹೊಡಕೊಂಡು ಸಾಯತೈತಿ. ಇದಕ್ಕ ಬೇಕಾಗಿದ್ದು ಅಗಲ ಬಾಯಿನ ಕಾಗದದ ಸ್ಪೀಕರು, ಮರದ ಡಬ್ಬಿ."

"ಹಂಗಾದ್ರ ಅಂಥದೊಂದು ಹೇಳಪ್ಪಾ ತಮ್ಮಾ."

"ಅಂಥದು ಹತ್ತು ಥರ ಅದಾವು. ಯಜಮಾನ್ರು ಹೆಂಗ ನುಡಸ್ತಾರ? ಅದು ಮೊದ್ಲು ಹೇಳ್ರಿ."

ಸುವರ್ಣಮ್ಮ ತಬ್ಬಿಬ್ಬಾದಳು. ಮೂವತ್ತೈದು ವರ್ಷ ಸಂಸಾರ ಮಾಡಿದ್ದಾಳೆ, ಗಂಡ ಹೇಗೆ ನುಡಿಸುತ್ತಾನೆಂದು ಯಾರೂ ಅವಳನ್ನು ಕೇಳಿರಲಿಲ್ಲ. ಯೋಚಿಸಿ ಯೋಚಿಸಿ ಹೇಳಿದಳು: "ಜಾಸ್ತಿ ನುಡಿಸಂಗಿಲ್ಲ. ಒಂದು ಮೀಟ್ತಾರ, ಅದು ಮುಗಿಯೋ ಮಟ ಕಾಯ್ತಾರ, ಆಮ್ಯಾಲ ಇನ್ನೊಂದು. ಹಾಡೋರ ಕಾಲಾಗ ಚಾಪಿ ಹಾಸಿದಂಗ. ಅವರು ಹಾಯಾಗಿ ಕುಂತು ಹಾಡಬೇಕು, ಅಷ್ಟ."

ಸುಂಕಣ್ಣ ಬೆಸುಗೆ ಕಡ್ಡಿ ಕೆಳಗಿಟ್ಟ. "ಅಕ್ಕಾ, ಇಷ್ಟು ಸರಿಯಾಗಿ ಯಾವ ಗಿರಾಕಿನೂ ಹೇಳಿಲ್ಲ," ಎಂದ.

ಉಚ್ಚೆಂಗೆಪ್ಪನಿಗೆ ಬೇರೆ ಮನಸ್ಸಿತ್ತು. ಬೊಂಬಾಯಿಯಿಂದ ಬಂದ ಹೊಸ ಆಂಪ್ಲಿಫೈಯರ್ ಒಂದು ಅವನ ಗೆಳೆಯನ ಅಂಗಡಿಯಲ್ಲಿತ್ತು. ಮುಂದೆ ಕೆಂಪು, ಹಸಿರು ದೀಪ. ಮಂದಿ ಡಿಸ್ಕೋ ಡಿಸ್ಕೋ ಎಂದು ಕುಣಿಯುತ್ತಿದ್ದ ಕಾಲ. "ಇದನ್ನ ತಗೊಳ್ರಿ ಗುಮಾಸ್ತ್ರ, ಸ್ಟೇಜಿಗೆ ಕಳಾ ಬರತೈತಿ," ಎಂದ. ಸುವರ್ಣಮ್ಮ ಗಂಡನನ್ನು ಎಬ್ಬಿಸಿಕೊಂಡು ಹೋದಳು. "ನೋಡಿ ಬರೋಣು ಬರ್ರಿ. ನೋಡಾಕೇನು ರೊಕ್ಕ ಕೊಡಬೇಕೇನು?"

ತಿಪ್ಪೇರುದ್ರಪ್ಪ ಅದಕ್ಕೆ ಗಿಟಾರ್ ಜೋಡಿಸಿ ಮೀಟಿದ. ಸದ್ದೇನೋ ಭರ್ಜರಿ. ಆದರೆ ಬೆರಳು ತಂತಿಗೆ ಉಜ್ಜಿದ್ದೂ ಕೇಳಿತು, ಉಗುರು ತಾಗಿದ್ದೂ ಕೇಳಿತು. ಪ್ರತಿ ಮೀಟಿಗೂ ಕಟ್ ಕಟ್ ಎಂದು ಯಾರೋ ಅಡಕೆ ಕತ್ತರಿಸಿದ ಹಾಗೆ. ಕುಣಿಯುವ ಹಾಡಿಗೆ ಅದು ಚೆನ್ನ, ಸುಳ್ಳಲ್ಲ. ಸುವರ್ಣಮ್ಮ ಸದ್ದು ಕೇಳಲಿಲ್ಲ, ಗಂಡನ ಮುಖ ನೋಡಿದಳು. ಬೇರೆಯವರ ಚಪ್ಪಲಿ ಮೆಟ್ಟಿಕೊಂಡವನ ಮುಖ.

"ಬ್ಯಾಡ," ಎಂದಳು.

"ನೀವು ಹೇಳ್ತೀರೇನು?" ಎಂದು ಉಚ್ಚೆಂಗೆಪ್ಪ ನಕ್ಕ.

"ಹೌದು, ನಾನ ಹೇಳ್ತೀನಿ. ಇದು ಇವರದಲ್ಲ."

ಸುಂಕಣ್ಣ ಮೂರನೆಯದೊಂದನ್ನು ನೆನಪು ಮಾಡಿಕೊಂಡ. ಸಿರುಗುಪ್ಪದಲ್ಲಿ ಒಂದು ಟೆಂಟ್ ಟಾಕೀಸು ಎರಡು ವರ್ಷದ ಹಿಂದೆ ಮುಚ್ಚಿತ್ತು. ಅದರ ವಾಲ್ವ್ ಆಂಪ್ಲಿಫೈಯರು, ಪರದೆಯ ಹಿಂದಿನ ದೊಡ್ಡ ಡಬ್ಬಿ ಎರಡೂ ಅಲ್ಲೇ ಬಿದ್ದಿದ್ದವು. ಗಿಟಾರ್ ಹಿಡಿದು ಮೂವರೂ ಬಸ್ಸು ಹತ್ತಿದರು. ಬುತ್ತಿಗೆ ಸುವರ್ಣಮ್ಮ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದಳು. ಬಳ್ಳಾರಿಯ ಕಾದ ಬಂಡೆ ಬಿಟ್ಟು ಕಾಲುವೆ ಸೀಮೆ ಬಂದಂತೆ ಎರಡೂ ಕಡೆ ಭತ್ತ. ತಿಪ್ಪೇರುದ್ರಪ್ಪ ಕಿಟಕಿಗೆ ಮುಖ ಹಚ್ಚಿ ಕುಳಿತಿದ್ದ.

ಟಾಕೀಸಿನ ಕಾವಲುಗಾರ ಬೀಗ ತೆಗೆದ. ಡಬ್ಬಿ ಆಳೆತ್ತರ, ಸಾಗುವಾನಿ ಮರದ್ದು. ಒಳಗೆ ಕೈ ಹಾಕಿದ ಸುಂಕಣ್ಣ ಹೌಹಾರಿ ಕೈ ತೆಗೆದ. ಕೆಂಪು ಹೇಟೆಯೊಂದು ರೆಕ್ಕೆ ಬಡಿಯುತ್ತಾ ಹಾರಿಬಂತು. ಡಬ್ಬಿಯ ತಳದಲ್ಲಿ ಹುಲ್ಲು, ಹುಲ್ಲಿನಲ್ಲಿ ಏಳು ಮೊಟ್ಟೆ.

"ಶಿವ ಶಿವಾ!" ಎಂದು ಸುವರ್ಣಮ್ಮ ಸೆರಗು ಮೂಗಿಗೆ ಹಿಡಿದಳು. ಕೋಳಿ, ಮೊಟ್ಟೆ ಎಂಬ ಹೆಸರೂ ಎತ್ತದ ಮನೆತನ ಅವರದು.

ಸುಂಕಣ್ಣ ಮೊಟ್ಟೆಗಳನ್ನು ಜೋಪಾನವಾಗಿ ಕಾವಲುಗಾರನ ಕೈಗೆ ಕೊಟ್ಟು ತಂತಿ ಜೋಡಿಸಿದ. ವಾಲ್ವುಗಳು ನಿಧಾನವಾಗಿ ಕೆಂಪಗಾದವು. ತಿಪ್ಪೇರುದ್ರಪ್ಪ ಮೀಟಿದ. ಸದ್ದು ಎಲ್ಲಿಂದ ಬಂತೆಂದೇ ತಿಳಿಯಲಿಲ್ಲ. ಕಾಲ ಕೆಳಗಿನ ನೆಲ ಬೆಚ್ಚಗೆ ಒಮ್ಮೆ ಉಸಿರು ಬಿಟ್ಟಿತು. ಬೆರಳಿನ ಉಜ್ಜಾಟ ಇಲ್ಲ, ಕಟ್ ಕಟ್ ಇಲ್ಲ. ಅವನು ಇನ್ನೊಮ್ಮೆ ಮೀಟಿ, ಅದು ಮುಗಿಯುವ ತನಕ ಕಾದು, ಹೆಂಡತಿಯ ಕಡೆ ತಿರುಗಿ ನಕ್ಕ. ಹಲ್ಲು ಕಾಣುವ ಹಾಗೆ ನಕ್ಕ!

"ಕೋಳಿ ಕುಂತ್ರ ಕುಂತಿರಲಿ ಬಿಡ್ರಿ," ಎಂದಳು ಸುವರ್ಣಮ್ಮ. "ಗಾಡಿ ಮಾಡ್ರಿ, ಒಯ್ಯೋಣು." ಟಾಕೀಸಿನ ಮಾಲೀಕ ಹೆಚ್ಚು ಕೇಳಲಿಲ್ಲ; ಅವಳ ಗಂಟಿನಲ್ಲಿದ್ದುದು ಸಾಕಾಯಿತು.

ಮನೆಯಲ್ಲಿ ಎಂಬತ್ತರ ಮುದುಕಿ ಎರ್ರಮ್ಮ ಇದ್ದಳು, ತಿಪ್ಪೇರುದ್ರಪ್ಪನ ತಾಯಿ. ಅವಳಿಗೆ ಯಾರೂ ಕೋಳಿಯ ಮಾತು ಹೇಳಬಾರದೆಂದು ಸುವರ್ಣಮ್ಮ ಗಾಡಿಯವನಿಗೂ ತಾಕೀತು ಮಾಡಿದ್ದಳು. ಆದರೆ ಕೋಳಿ ಒಂದು ಪುಕ್ಕ ಬಿಟ್ಟುಹೋಗಿತ್ತು. ಮರುದಿನ ಸುವರ್ಣಮ್ಮ ಸಂತೆಗೆ, ಸೊಸೆ ಗಿರಣಿಗೆ, ತಿಪ್ಪೇರುದ್ರಪ್ಪ ಸುಂಕಣ್ಣನ ಅಂಗಡಿಗೆ ಹೋದ ಹೊತ್ತಿನಲ್ಲಿ ಮುದುಕಿ ಡಬ್ಬಿಯಲ್ಲಿ ಆ ಪುಕ್ಕ ಕಂಡಳು. ಬಾಯಿ ಮಾಡಲಿಲ್ಲ. ಎರಡು ಕೊಡ ನೀರು ತಂದು ಡಬ್ಬಿಯ ಒಳಗೂ ಹೊರಗೂ ಸುರಿದಳು. ಸಗಣಿ ಕಲಸಿ, ಕೈ ಮುಟ್ಟುವಷ್ಟು ಕಡೆ ಸಾರಿಸಿದಳು. ಕೊನೆಗೆ ಮೂರು ಬೆರಳಿನಿಂದ ಹಣೆಗೆ ಬಳಿಯುವ ಹಾಗೆ ಡಬ್ಬಿಯ ಮುಂಭಾಗಕ್ಕೆ ವಿಭೂತಿ ಬಳಿದಳು.

ಸುವರ್ಣಮ್ಮ ಬಂದು ನೋಡಿದಾಗ ಸ್ಪೀಕರಿನ ಕಾಗದ ನೆನೆದ ಹಪ್ಪಳದ ಹಾಗೆ ಜೋತುಬಿದ್ದು, ನಡುವೆ ಎರಡು ಕಡೆ ಹರಿದಿತ್ತು. ಮದುವೆಗೆ ಇನ್ನು ಮೂರೇ ದಿನ.

"ಅತ್ತೀ! ಏನ್ ಮಾಡಿದ್ರಿ ಇದು?"

"ಏನ್ ಮಾಡಿದೆ? ಮಡಿ ಮಾಡಿದೆ. ಕೋಳಿ ಕುಂತ ಡಬ್ಬಿ ತಂದು ಪಡಸಾಲ್ಯಾಗ ಇಟ್ಟೀಯಲ್ಲ, ಲಿಂಗಾ ಕಟ್ಟಿದ ಮನಿ ಇದು! ಸಗಣಿ ಸಾರಿಸೀನಿ, ಇನ್ನ ಹಾಡ್ಕೊಳ್ರಿ ಎಷ್ಟ್ ಹಾಡ್ತೀರಿ."

ತಿಪ್ಪೇರುದ್ರಪ್ಪ ಒದ್ದೆ ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದ. ತಾಯಿಗೆ ಒಂದು ಮಾತೂ ಅನ್ನಲಿಲ್ಲ. ಸುವರ್ಣಮ್ಮ ಅಂದಳು, ಒಂದಲ್ಲ, ಓಣಿಯವರು ಬಾಗಿಲಿಗೆ ಬರುವಷ್ಟು ಅಂದಳು. ಮುದುಕಿಯೂ ಬಿಡಲಿಲ್ಲ. ಆ ಗದ್ದಲದ ನಡುವೆ ಗವಿಸಿದ್ದಪ್ಪ ಬೆಣಕಲ್ಲಿನಿಂದ ಹಾರ್ನ್ ಹೊತ್ತು ಒಳಗೆ ಬಂದ.

ಬಂದವನು ಡಬ್ಬಿ ನೋಡಿ ನಿಂತುಬಿಟ್ಟ. ಅಪ್ಪನ ಹುಚ್ಚಿಗೆ ಅವನು ಬೈಯುವವನೇ. ಆದರೆ ಸ್ಪೀಕರಿಗೆ ನೀರು ಹಾಕಿದ್ದನ್ನು ಕಂಡ ಮೈಕ್ ಸೆಟ್ಟಿನವನ ಕರುಳು ಬೇರೆ.

"ಯಾರಲೇ ಇದಕ್ಕ ನೀರು ಹೊಯ್ದಿದ್ದು!" ಎಂದು ಚೀರಿದ. "ಅಪ್ಪಾ, ಮುಟ್ಟಬ್ಯಾಡ! ಬಿಸಲಿಗೆ ಇಡಬ್ಯಾಡ, ಸಿಡದು ಹೋಗತೈತಿ! ವೀರೀ, ಫ್ಯಾನ್ ತಾ. ಅವ್ವಾ, ಸುಂಕಣ್ಣಗ ಹೇಳಿ ಕಳಸು. ಅಜ್ಜೀ, ನೀ ಅಂತೂ ಅಲ್ಲೇ ಕುಂದ್ರು, ಏಳಬ್ಯಾಡ!"

ಬಳ್ಳಾರಿಯಲ್ಲಿ ಅಷ್ಟು ದೊಡ್ಡ ಕಾಗದ ಸಿಗುವುದಿಲ್ಲ, ಮದರಾಸಿನಿಂದಲೇ ಬರಬೇಕು ಎಂದ ಸುಂಕಣ್ಣ. ಬರುವಷ್ಟರಲ್ಲಿ ಮದುವೆ ಮುಗಿದಿರುತ್ತದೆ. "ಬಟ್ಟಿ ಹಚ್ಚೋಣು," ಎಂದ ಗವಿಸಿದ್ದಪ್ಪ. "ತೆಳ್ಳಂದು, ಹಳೇದು, ಒಗದು ಒಗದು ಮೆತ್ತಗಾಗಿದ್ದು."

ವೀರಭದ್ರಮ್ಮ ಮಾವನ ಹಳೆಯ ಪಂಚೆಯನ್ನು ತಂದು ಹರಿದಳು. ಎರಡು ದಿನ ಮನೆಯಲ್ಲಿ ಅದೇ ಕೆಲಸ. ಸೊಸೆ ಗೋಂದು ಕಾಸುವಳು, ಸುವರ್ಣಮ್ಮ ಬಟ್ಟೆಯನ್ನು ಎಲೆ ಎಲೆಯಾಗಿ ಕತ್ತರಿಸಿ ಕೊಡುವಳು, ಮಗ ಉಸಿರು ಹಿಡಿದು ಹಚ್ಚುವನು, ಅಪ್ಪ ದೀಪ ಹಿಡಿಯುವನು. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಅಡಿಗೆ ಮಾಡಲು ಯಾರಿಗೂ ಬಿಡುವಿಲ್ಲದೆ ಎರಡು ಹೊತ್ತೂ ಹೋಟೆಲಿನ ಮಂಡಕ್ಕಿ ಒಗ್ಗರಣೆ, ಮಿರ್ಚಿಯಲ್ಲೇ ಮುಗಿಯಿತು. ತಂದೆ ಮಗ ಕುರುಗೋಡಿನಿಂದ ಬಂದ ಮೇಲೆ ಮೊದಲ ಸಲ ಒಂದೇ ತಟ್ಟೆಯಿಂದ ಮಿರ್ಚಿ ತಿಂದರು.

ಬಟ್ಟೆ ಕೂತ ಸ್ಪೀಕರು ಭಾರವಾಗಿತ್ತು. ತಿಪ್ಪೇರುದ್ರಪ್ಪ ಮೀಟಿದಾಗ ಸದ್ದು ಮೊದಲಿಗಿಂತ ಸಣ್ಣದು, ಆದರೆ ಮೊದಲಿಗಿಂತ ಆಳ. ಸುಂಕಣ್ಣ ಕಣ್ಣು ಮುಚ್ಚಿ ಕೇಳಿದ. "ಅಜ್ಜಿ ಕೆಡಿಸಿಲ್ಲ, ಸರಿ ಮಾಡ್ಯಾಳ. ಇವರ ಕೈಗೆ ಈಗ ಕೂತು ನೋಡ್ರಿ."

"ಕೇಳಿದೇನು?" ಎಂದು ಎರ್ರಮ್ಮ ಸುವರ್ಣಮ್ಮನನ್ನು ದುರುಗುಟ್ಟಿ ನೋಡಿದಳು.

ಗವಿಸಿದ್ದಪ್ಪ ಮಾತ್ರ ತಲೆ ಅಲ್ಲಾಡಿಸಿದ. "ಚಲೋ ಐತಿ ಅಪ್ಪಾ. ಆದ್ರ ದೂರ ಹೋಗಂಗಿಲ್ಲ. ಸಾವಿರ ಮಂದಿ ಸೇರತಾರ ಅಲ್ಲಿ."

ಸಾವಿರವಲ್ಲ, ಎರಡು ಸಾವಿರವೇ ಸೇರಿದ್ದರು. ರೈಸ್ ಮಿಲ್ಲಿನ ಒಣಗು ಕಣದ ತುಂಬ ಚಪ್ಪರ. ತಾಳಿ, ಊಟ ಮುಗಿದು ಬಿಸಿಲು ಇಳಿದ ಮೇಲೆ ಆರ್ಕೆಸ್ಟ್ರಾ ಏರಿತು. ಹೊಳೆಯುವ ಅಂಗಿ ತೊಟ್ಟ ಹುಡುಗರ ಹಿಂದೆ ಬಿಳಿ ಪಂಚೆ, ಕರಿ ಕೋಟಿನ ತಿಪ್ಪೇರುದ್ರಪ್ಪ. ಅವನ ಹಿಂದೆ ವಿಭೂತಿ ಬಳಿದ ಆಳೆತ್ತರದ ಡಬ್ಬಿ. ವಿಭೂತಿ ಅಳಿಸಲು ಎರ್ರಮ್ಮ ಬಿಟ್ಟಿರಲಿಲ್ಲ. ಆದೋನಿಯ ಹುಡುಗನೂ ಬಂದು ಸ್ಟೇಜಿನ ಪಕ್ಕ ಕೈಕಟ್ಟಿ ನಿಂತಿದ್ದ. ಅವನನ್ನು ನೋಡಿ ಹೆಂಗಸರ ಸಾಲಿನಲ್ಲಿದ್ದ ಸುವರ್ಣಮ್ಮ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು.

ಹಾಡು ಶುರುವಾಯಿತು. ಹಾರ್ನುಗಳಲ್ಲಿ ಹಾಡುವವಳ ದನಿ ಊರ ತುಂಬ ಹರಿಯಿತು. ಗವಿಸಿದ್ದಪ್ಪ ಟವಲ್ ಹಿಡಿದು ಕಾಲುವೆ ಏರಿಯವರೆಗೆ ನಡೆದು ಟವಲ್ ಮೇಲೆತ್ತಿದ. ದನಿಗೆ ಅದು. ಮತ್ತೆ ಕಿವಿಗೊಟ್ಟು, ಅಪ್ಪನ ಕಡೆ ಬೊಟ್ಟು ಮಾಡಿ, ಟವಲನ್ನು ಅಡ್ಡ ಬೀಸಿದ. ಬೇಸ್ ಕೇಳುತ್ತಿಲ್ಲ.

ಸ್ಟೇಜಿನ ಮೇಲಿದ್ದ ತಿಪ್ಪೇರುದ್ರಪ್ಪನಿಗೆ ಅದು ಕಂಡಿತು. ಕುರುಗೋಡಿನ ನಗು ಕಿವಿಯಲ್ಲಿ ಇನ್ನೂ ಇತ್ತೋ ಏನೋ. ಅವನ ಬೆರಳು ತಂತಿಯ ಮೇಲೆ ನಿಂತಿತು. ನುಡಿಸುವುದನ್ನು ಬಿಟ್ಟ.

"ಬ್ಯಾಡ್ರೀ, ನಿಲ್ಲಸಬ್ಯಾಡ್ರೀ," ಎಂದು ಸುವರ್ಣಮ್ಮ ಎದ್ದೇಬಿಟ್ಟಳು. ಅಷ್ಟು ಮಂದಿಯ ನಡುವೆ ಅವಳ ಮಾತು ಯಾರಿಗೆ ಕೇಳಬೇಕು?

ಹಾಡು ನಡೆದೇ ಇತ್ತು. ಆದರೆ ಏನೋ ಕಳಚಿಬಿತ್ತು. ಹಾಡುವವಳು ಹಿಂದೆ ತಿರುಗಿ ನೋಡಿದಳು. ತಬಲದವನು ಒಂದು ಪೆಟ್ಟು ತಪ್ಪಿದ. ಮುಂದೆ ಕುಣಿಯುತ್ತಿದ್ದ ಮಕ್ಕಳು ಕಾಲು ಸಿಗದೆ ನಿಂತರು. ಅಡಿಕೆ ಎಲೆ ಹಂಚುತ್ತಿದ್ದ ಕಾಡಸಿದ್ದಪ್ಪ ತಟ್ಟೆ ಹಿಡಿದುಕೊಂಡೇ ಸ್ಟೇಜಿನ ಹತ್ತಿರ ಬಂದು, "ಏನಾತು? ಕರೆಂಟ್ ಹೋತೇನ್ರಿ?" ಎಂದು ಕೇಳಿದ. ಕರೆಂಟು ಇತ್ತು. ದೀಪಗಳು ಉರಿಯುತ್ತಿದ್ದವು.

ಕಾಲುವೆ ಏರಿಯ ಮೇಲಿಂದ ಗವಿಸಿದ್ದಪ್ಪ ಓಡಿಬರುತ್ತಿದ್ದ. ಜನರನ್ನು ನೂಕಿಕೊಂಡು, ಚಪ್ಪಲಿ ಎಲ್ಲೋ ಬಿಟ್ಟು, ಸ್ಟೇಜಿನ ಅಂಚಿಗೆ ಬಂದು ಅಪ್ಪನ ಪಂಚೆ ಹಿಡಿದ.

"ಯಾಕ ನಿಲ್ಲಿಸಿದಿ ಅಪ್ಪಾ?"

"ನೀನ ಬೀಸಿದೆಲ್ಲಲೇ, ಕೇಳವಲ್ದು ಅಂತ."

"ಹೂಂ, ಬೀಸಿದೆ. ನಾ ಮೂಳ! ನೀ ನಿಲ್ಲಿಸಿದ ಮ್ಯಾಲ ಗೊತ್ತಾತು, ಅಷ್ಟೊತ್ತನಾ ಕೇಳಾಕತ್ತಿದ್ದು ಅದ ಅಂತ. ಕಾಲುವಿ ಮಟ ಇತ್ತಪ್ಪಾ, ಅಲ್ಲೀ ಮಟ ಇತ್ತು! ನುಡಸು. ನಿನ್ನ ಕೈ ಮುಗಿತೀನಿ, ನುಡಸು."

ತಿಪ್ಪೇರುದ್ರಪ್ಪ ಮಗನನ್ನು ನೋಡಿದ. ಹಾಡುವವಳು ಪಲ್ಲವಿಗೆ ಬರುವವರೆಗೆ ಕಾದು, ದಪ್ಪ ತಂತಿಯನ್ನು ಮೀಟಿದ. ಮಕ್ಕಳಿಗೆ ಕಾಲು ಸಿಕ್ಕಿತು. ಹೆಂಗಸರ ಸಾಲಿನಲ್ಲಿ ನಿಂತೇ ಇದ್ದ ಸುವರ್ಣಮ್ಮನಿಗೆ ಅಂಗಾಲಿನಿಂದ ಸದ್ದು ಏರಿ ಬಂತು. ಅವಳು ನಾಚದೆ ಅತ್ತಳು, ಅಳುತ್ತಲೇ ಪಕ್ಕದವಳಿಗೆ, "ಅವ್ರು ನಮ್ಮ ಯಜಮಾನ್ರು," ಎಂದು ಬೊಟ್ಟು ಮಾಡಿ ತೋರಿಸಿದಳು.

ಹದಿನಾರು ಹಾಡು ಮುಗಿದ ಮೇಲೆ ಉಚ್ಚೆಂಗೆಪ್ಪ ಬೆವರು ಒರೆಸಿಕೊಳ್ಳುತ್ತಾ ಬಂದು ಗಿಟಾರಿಗೆ ಕೈ ಚಾಚಿದ. ಆದೋನಿಯ ಹುಡುಗ ಅವನ ಹಿಂದೆಯೇ ಇದ್ದ. ಸುವರ್ಣಮ್ಮ ಬಾಯಿ ತೆರೆಯುವ ಮೊದಲೇ ಗವಿಸಿದ್ದಪ್ಪ ಅಡ್ಡ ಬಂದ.

"ಗಿಟಾರ್ ಎಲ್ಲಿಗೂ ಹೋಗಂಗಿಲ್ಲ ಉಚ್ಚೆಂಗೆಣ್ಣ. ನಮ್ಮ ಗಾಡ್ಯಾಗ ಬರತೈತಿ, ಡಬ್ಬಿ ಜೋಡಿ."

"ಅಯ್ಯ ಮಾರಾಯ, ಚೀಲಕ್ಕ ಹಾಕಿಕೊಡೋಣು ಅಂತ ಬಂದೆ, ಕಸಗೊಳ್ಳಾಕಲ್ಲ," ಎಂದು ಉಚ್ಚೆಂಗೆಪ್ಪ ನಕ್ಕ. "ಈ ಹುಡುಗಗ ನಾನ ಹೇಳೀನಿ, ಜಾಗಾ ಇಲ್ಲಪ್ಪಾ ಅಂತ. ಗುಮಾಸ್ತ್ರ, ಬರೋ ಗುರುವಾರ ಕಂಪ್ಲಿಯಾಗ ಇನ್ನೊಂದು ಮದುವಿ ಐತಿ."

ತಿಪ್ಪೇರುದ್ರಪ್ಪ ಕೋಟಿನ ಗುಂಡಿ ಬಿಚ್ಚುತ್ತಿದ್ದ. ನಾಲ್ಕು ತಿಂಗಳು ಹೊಸ್ತಿಲು ದಾಟು ಎಂದರೂ ದಾಟದಿದ್ದ ಮನುಷ್ಯ ತಲೆ ಎತ್ತಿ ಕೇಳಿದ:

"ಎಷ್ಟು ಗಂಟಿಗೆ ಬರಬೇಕು?"